ನಾಲ್ಕೂ ಚಕ್ರ ತಿರುಗಿದರೆ ಸಾಕೇ?

ಮುಂಗಾರು ಹಿಡಿಯಿತೆಂದರೆ ಮಲೆನಾಡಿನ ಎಷ್ಟೋ ಮನೆಗಳಿಗೆ ಡಾಂಬರು ಮುಗಿದಲ್ಲಿಂದ ಮುಂದಿನ ದಾರಿ ಬೇರೆಯದೇ ಲೋಕ. ಕಲಸಿದ ಕೆಮ್ಮಣ್ಣು, ನೀರು ಕೊರೆದು ಆಳವಾದ ಗಾಲಿಜಾಡು, ಜಾರುವ ಕಲ್ಲು, ಕಡಿದಾದ ಏರು. ಕಾರು, ಆಟೊಗಳು ಕೆಳಗೇ ನಿಂತುಬಿಟ್ಟ ಮೇಲೆ ಗೊಬ್ಬರದ ಚೀಲ, ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೋಗಬೇಕಾದ ಅಜ್ಜಿ ಎಲ್ಲವನ್ನೂ ಸಾಗಿಸುವುದು ಜೀಪು. ಕೊಡಚಾದ್ರಿಯ ಮೇಲಕ್ಕೆ ಯಾತ್ರಿಕರನ್ನು, ಮಡಿಕೇರಿ ಬಳಿಯ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವುದೂ ಅದೇ.

ಈ ಜೀಪಿನ ವಂಶದ ಗಾಡಿಗಳು ಈಗ ನಗರದ ಶೋರೂಮುಗಳಲ್ಲಿ ಹೊಳೆಯುತ್ತ ನಿಂತಿವೆ. ಮನೆಗೊಂದು ಗಾಡಿ ಕೊಳ್ಳುವ ಮಾತು ಬಂದಾಗ ಕಾಲೇಜಿಗೆ ಹೋಗುವ ಮಗನೋ ಮಗಳೋ ಮೊದಲು ಬೆರಳು ತೋರಿಸುವುದು ಇವುಗಳತ್ತ. ಆದರೆ ಕಂಪೆನಿಯ ಹೊತ್ತಗೆ ಬಿಡಿಸಿದ ತಂದೆತಾಯಿಗೆ ಕಾಣುವುದು ಫೋರ್ ವೀಲ್ ಡ್ರೈವ್, ಆಲ್ ವೀಲ್ ಡ್ರೈವ್, ಲೋ ರೇಂಜ್, ಲಾಕಿಂಗ್ ಡಿಫರೆನ್ಷಿಯಲ್, ಟಾರ್ಕ್ ಕನ್ವರ್ಟರ್ ಎಂಬ ಪದಗಳ ಸಂತೆ. ಒಂದೊಂದು ಪದಕ್ಕೂ ಬೆಲೆಯುಂಟು. ಬೇಡದ್ದಕ್ಕೆ ಹಣ ಸುರಿದರೆ ನಷ್ಟ. ಬೇಕಾದದ್ದನ್ನು ಬಿಟ್ಟರೆ ಮಳೆಗಾಲದ ರಾತ್ರಿ ಕೆಸರಿನಲ್ಲಿ ಸಿಕ್ಕಿಕೊಳ್ಳುವ ಕಷ್ಟ. ಗಾಡಿ ಮಾಡಲಾರದ ಕೆಲಸವನ್ನು ಅದು ಮಾಡುತ್ತದೆಂದು ನಂಬಿದರೆ ಮಾತ್ರ ಜೀವಕ್ಕೇ ಅಪಾಯ.

ಸಮಾಧಾನದ ಸಂಗತಿಯೆಂದರೆ, ಈ ಆಯ್ಕೆಗೆ ಬೇಕಾದ ತಿಳಿವಳಿಕೆಯೆಲ್ಲ ಶಾಲೆಯ ಪಠ್ಯದಲ್ಲೇ ಇದೆ. ಸನ್ನೆಕೋಲು, ವೃತ್ತ ಮತ್ತು ಘರ್ಷಣೆ, ಈ ಮೂರು ಪಾಠ ನೆನಪಿದ್ದರೆ ಸಾಕು.

ಗೇರ್ ಎಂಬ ಸನ್ನೆಕೋಲು

ಗೇರ್ ಇರುವ ಸೈಕಲ್ ತುಳಿದವರಿಗೆ ಮೊದಲ ಪಾಠ ಗೊತ್ತೇ ಇದೆ. ಏರಿನಲ್ಲಿ ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಚೈನು ಹಾಕಿದರೆ ಪೆಡಲ್ ಹಗುರಾಗುತ್ತದೆ. ಆದರೆ ಹೆಚ್ಚು ಸಲ ತುಳಿಯಬೇಕು, ಸೈಕಲ್ ನಿಧಾನವಾಗಿ ಸಾಗುತ್ತದೆ. ಗೇರ್ ಹೊಸ ಶಕ್ತಿಯನ್ನೇನೂ ಹುಟ್ಟಿಸುವುದಿಲ್ಲ. ವೇಗವನ್ನು ಬಿಟ್ಟುಕೊಟ್ಟು ಬಲವನ್ನು ಪಡೆಯುತ್ತದೆ. ಹೀಗೆ ತಿರುಗಿಸುವ ಬಲಕ್ಕೆ ಟಾರ್ಕ್ ಎಂದು ಹೆಸರು.

ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪು ಇದಕ್ಕೆ ಒಳ್ಳೆಯ ಉದಾಹರಣೆ. 1941ರಿಂದ 1945ರ ನಡುವೆ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಮಹೀಂದ್ರ ಕಂಪೆನಿ ಇದೇ ವಿಲ್ಲಿಸ್ ಜೀಪನ್ನು ಭಾರತದಲ್ಲಿ ಜೋಡಿಸತೊಡಗಿತು. ಅದರ ಎಂಜಿನ್ ಕೇವಲ 60 ಅಶ್ವಶಕ್ತಿಯದು. ಹಾಗಿದ್ದರೂ ಅದು ಬೆಟ್ಟ ಹತ್ತಿದ್ದು ಹೇಗೆ?

ಮೊದಲ ಗೇರ್ ಎಂಜಿನ್ನಿನ ಟಾರ್ಕನ್ನು ಸುಮಾರು 2.67 ಪಟ್ಟು ಮಾಡುತ್ತಿತ್ತು. ಚಕ್ರಗಳ ಆಕ್ಸಲ್‌ನಲ್ಲಿರುವ ಗೇರ್ ಅದನ್ನು ಮತ್ತೆ 4.88 ಪಟ್ಟು ಮಾಡುತ್ತಿತ್ತು. ಎರಡನ್ನೂ ಗುಣಿಸಿದರೆ 13 ಪಟ್ಟು. ಇವೆರಡರ ನಡುವೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಗೇರ್ ಪೆಟ್ಟಿಗೆ ಇತ್ತು. ಮುಂದಿನ ಚಕ್ರಗಳಿಗೂ ಶಕ್ತಿ ಹಂಚುವುದು ಅದರ ಒಂದು ಕೆಲಸ. ಚಾಲಕ ಸಣ್ಣ ಲಿವರ್ ಎಳೆದಾಗ ಟಾರ್ಕನ್ನು ಇನ್ನೂ 1.97 ಪಟ್ಟು ಹೆಚ್ಚಿಸುವುದು ಇನ್ನೊಂದು. ಇದೇ ಲೋ ರೇಂಜ್. ಈಗ ಒಟ್ಟು ಲೆಕ್ಕ ಸುಮಾರು 26 ಪಟ್ಟು. ಎಂಜಿನ್ ನಿಮಿಷಕ್ಕೆ 1,000 ಸುತ್ತು ತಿರುಗುವಾಗ ಜೀಪು ಸಾಗುವುದು ಗಂಟೆಗೆ ಐದು ಕಿಲೊಮೀಟರಿನಷ್ಟು, ಅಂದರೆ ಮನುಷ್ಯನ ನಡಿಗೆಯ ವೇಗದಲ್ಲಿ. ಕಲ್ಲಿನ ಮೇಲೆ ಒಂದೊಂದೇ ಚಕ್ರವನ್ನು ನೋಡಿಕೊಂಡು ಹತ್ತಿಸಲು ಬೇಕಾದದ್ದು ಅದೇ.

2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮಾರುತಿ ಜಿಮ್ನಿಯ ಎಂಜಿನ್ ಟಾರ್ಕ್ ಸುಮಾರು 134 ನ್ಯೂಟನ್ ಮೀಟರ್. 1941ರ ವಿಲ್ಲಿಸ್‌ನದು ಸುಮಾರು 142. ಎಂಬತ್ತು ವರ್ಷದ ಹಿಂದಿನ ಜೀಪಿಗಿಂತ ಕಡಿಮೆ ಟಾರ್ಕ್ ಇದ್ದೂ ಜಿಮ್ನಿ ದುರ್ಗಮ ದಾರಿಯಲ್ಲಿ ಹೆಸರು ಮಾಡಿದೆ. ಹಗುರವಾದ ಮೈಯ ಜೊತೆಗೆ ಲೋ ರೇಂಜ್ ಗೇರ್ ಇರುವುದೇ ಇದಕ್ಕೆ ಮುಖ್ಯ ಕಾರಣ. ಹೊತ್ತಗೆಯಲ್ಲಿ ಅಶ್ವಶಕ್ತಿಯ ಅಂಕಿಯನ್ನು ಮೊದಲು ಹುಡುಕುವ ಕಿರಿಯರು ಇದನ್ನು ಗಮನಿಸಬೇಕು.

ತಿರುವಿನ ಲೆಕ್ಕ

ಎರಡನೆಯದು ವೃತ್ತದ ಪಾಠ. ಆಗುಂಬೆ ಘಾಟಿಯಂಥ ಹೇರ್‌ಪಿನ್ ತಿರುವಿನಲ್ಲಿ ಗಾಡಿ ಹೆಚ್ಚುಕಡಿಮೆ ಅರ್ಧ ವೃತ್ತ ಸುತ್ತುತ್ತದೆ. ಎಡ ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿದ್ದರೆ, ಆ ಒಂದು ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 4.7 ಮೀಟರ್ ಹೆಚ್ಚು ದೂರ ಓಡಬೇಕು. ಎರಡನ್ನೂ ಒಂದೇ ಸರಳಿಗೆ ಬಿಗಿದಿದ್ದರೆ ಟೈರು ಉಜ್ಜಿಹೋಗುತ್ತದೆ, ಗಾಡಿ ತಿರುಗಲು ಮೊಂಡು ಹಿಡಿಯುತ್ತದೆ. ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಕೂಟವೇ ಡಿಫರೆನ್ಷಿಯಲ್. 1820ರ ದಶಕದ ಕೊನೆಯಲ್ಲೇ ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕ್ಯೂರ್ ಇದಕ್ಕೆ ಪೇಟೆಂಟ್ ಪಡೆದಿದ್ದ.

ಡಾಂಬರಿನ ಮೇಲೆ ಗೆಳೆಯನಾದ ಡಿಫರೆನ್ಷಿಯಲ್ ಕೆಸರಿನಲ್ಲಿ ಕೈಕೊಡುತ್ತದೆ. ಅದು ಎರಡೂ ಚಕ್ರಗಳಿಗೆ ಸಮನಾದ ಟಾರ್ಕ್ ಕೊಡುತ್ತದೆ. ಒಂದು ಚಕ್ರ ಜಾರುವ ಮಣ್ಣಿನಲ್ಲಿದ್ದರೆ ಅದನ್ನು ತಿರುಗಿಸಲು ಅತಿ ಕಡಿಮೆ ಟಾರ್ಕ್ ಸಾಕು. ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಫಲವಾಗಿ ಒಂದು ಚಕ್ರ ಕೆಸರು ಎರಚುತ್ತ ಗರಗರ ತಿರುಗಿದರೆ ಇನ್ನೊಂದು ಸುಮ್ಮನೆ ನಿಂತಿರುತ್ತದೆ. ನಾಲ್ಕು ಚಕ್ರಕ್ಕೂ ಶಕ್ತಿ ಇರುವ ಗಾಡಿಯೂ ಮುಂದೊಂದು ಹಿಂದೊಂದು ಚಕ್ರ ಜಾರಿದರೆ ಹೀಗೇ ಸಿಕ್ಕಿಬೀಳಬಹುದು.

ಇದಕ್ಕೆ ಪರಿಹಾರ ಎರಡು. ಮೊದಲನೆಯದು ಲಾಕಿಂಗ್ ಡಿಫರೆನ್ಷಿಯಲ್. ಬೇಕಾದಾಗ ಎರಡೂ ಚಕ್ರಗಳನ್ನು ಒಟ್ಟಿಗೆ ಬಿಗಿದು, ಒಂದು ಜಾರಿದರೂ ಇನ್ನೊಂದು ತಳ್ಳುವಂತೆ ಇದು ಮಾಡುತ್ತದೆ. ಎರಡನೆಯದರಲ್ಲಿ ಕಂಪ್ಯೂಟರ್ ಜಾರುವ ಚಕ್ರಕ್ಕಷ್ಟೇ ಬ್ರೇಕ್ ಹಿಡಿಯುತ್ತದೆ, ಟಾರ್ಕ್ ಇನ್ನೊಂದು ಚಕ್ರಕ್ಕೂ ಮುಟ್ಟುತ್ತದೆ. ಸಾಮಾನ್ಯ ಕೆಸರಿಗೆ ಎರಡನೆಯದೇ ಸಾಕು. ದಿನವೂ ಆಳವಾದ ಗಾಲಿಜಾಡು ದಾಟುವವರಿಗೆ ಮೊದಲನೆಯದು ಹೆಚ್ಚು ಆಸರೆ.

ಪಾರ್ಟ್ ಟೈಮ್, ಫುಲ್ ಟೈಮ್

ತಿರುವಿನಲ್ಲಿ ಎಡ ಬಲ ಚಕ್ರಗಳ ದೂರ ಬೇರೆಯಾದಂತೆ ಮುಂದಿನ ಹಿಂದಿನ ಚಕ್ರಗಳ ದೂರವೂ ಬೇರೆ. ಜೀಪು, ಥಾರ್, ಜಿಮ್ನಿಗಳಲ್ಲಿರುವುದು ಪಾರ್ಟ್ ಟೈಮ್ ವ್ಯವಸ್ಥೆ. ಲಿವರ್ ಹಾಕಿದಾಗ ಮುಂದಿನ ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಮಣ್ಣಿನಲ್ಲಾದರೆ ಟೈರು ಚೂರು ಜಾರಿ ದೂರದ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಒಣಗಿದ ಡಾಂಬರಿನಲ್ಲಿ ಜಾರಲು ಜಾಗವಿಲ್ಲ. ಸ್ಟಿಯರಿಂಗ್ ಬಿಗಿಯುತ್ತದೆ, ಗೇರುಗಳ ಮೇಲೆ ಒತ್ತಡ ಬೀಳುತ್ತದೆ. ಆದ್ದರಿಂದ ಡಾಂಬರು ಬಂದೊಡನೆ ಎರಡು ಚಕ್ರಕ್ಕೆ ಮರಳಲೇಬೇಕು.

ಫುಲ್ ಟೈಮ್ ವ್ಯವಸ್ಥೆಯಲ್ಲಿ ಎರಡು ಆಕ್ಸಲ್‌ಗಳ ನಡುವೆಯೂ ಒಂದು ಡಿಫರೆನ್ಷಿಯಲ್ ಇರುತ್ತದೆ. 1970ರಲ್ಲಿ ಬ್ರಿಟನ್ನಿನ ರೇಂಜ್ ರೋವರ್ ಹೀಗೆ ಬಂತು. 1980ರಲ್ಲಿ ಜರ್ಮನಿಯ ಆಡಿ ಕ್ವಾಟ್ರೊ ಕೂಡ. ಇಂಥವು ಯಾವ ರಸ್ತೆಯಲ್ಲೂ ನಾಲ್ಕೂ ಚಕ್ರದ ಶಕ್ತಿಯಿಂದ ಓಡಬಲ್ಲವು. ಆದರೆ ಒಂದು ಎಚ್ಚರಿಕೆ: ಆಲ್ ವೀಲ್ ಡ್ರೈವ್ ಎಂದು ಮಾರುವ ಬಹಳಷ್ಟು ಕಾರುಗಳಿಗೆ ಲೋ ರೇಂಜ್ ಇರುವುದಿಲ್ಲ. ಹಿಮ, ಮರಳು, ಒದ್ದೆ ಹುಲ್ಲಿಗೆ ಅವು ಒಳ್ಳೆಯವು. ಕಲ್ಲು ತುಂಬಿದ ಕಡಿದಾದ ಏರಿಗಲ್ಲ.

ಗಾಡಿಯ ರೂಪ ನೋಡಿಯೂ ಮೋಸಹೋಗಬಾರದು. 2020ರಲ್ಲಿ ಬಂದ ಹೊಸ ಥಾರ್‌ನಲ್ಲಿ ಎಲ್ಲವೂ ಫೋರ್ ವೀಲ್ ಡ್ರೈವ್ ಆಗಿದ್ದವು. 2023ರ ಜನವರಿಯಲ್ಲಿ ಹಿಂದಿನ ಎರಡೇ ಚಕ್ರ ತಳ್ಳುವ ಥಾರ್ ಕಡಿಮೆ ಬೆಲೆಗೆ ಬಂತು. ದೂರದಿಂದ ನೋಡಿದರೆ ಎರಡೂ ಅಣ್ಣ ತಮ್ಮಂದಿರಂತೆಯೇ. ಹಳೆಯ ಗಾಡಿ ಕೊಳ್ಳುವವರು ಬಾಗಿಲು ತೆರೆದು ಎರಡನೇ ಲಿವರ್ ಇದೆಯೇ ಎಂದು ಮೊದಲು ನೋಡಬೇಕು.

ಕ್ಲಚ್ಚೋ, ಆಟೊಮ್ಯಾಟಿಕ್ಕೋ?

ಹಳಬರಿಗೆ ಕ್ಲಚ್ ಇಲ್ಲದ ಜೀಪು ಉಪ್ಪಿಲ್ಲದ ಊಟ. ಮ್ಯಾನ್ಯುಯಲ್ ಗೇರಿನ ಗುಣಗಳು ನಿಜವಾದವೇ. ಬೆಲೆ ಕಡಿಮೆ, ದುರಸ್ತಿ ಸುಲಭ. ಇಳಿಜಾರಿನಲ್ಲಿ ಲೋ ರೇಂಜಿನ ಮೊದಲ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಆದರೆ ಏರಿನ ನಡುವೆ ನಿಂತು ಮತ್ತೆ ಹೊರಡುವಾಗ ಮೂರು ಪೆಡಲುಗಳನ್ನು ಎರಡು ಕಾಲಿನಲ್ಲಿ ಸಂಭಾಳಿಸಬೇಕು. ಕಲಿಯುವವರು ಎಡವುವುದು ಇಲ್ಲೇ. ಎಂಜಿನ್ ಬಂದ್ ಆಗಬಹುದು, ಗಾಡಿ ಹಿಂದಕ್ಕೆ ಉರುಳಬಹುದು, ಕ್ಲಚ್ ಸುಡಬಹುದು.

ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್‌ನಲ್ಲಿ ಎಂಜಿನ್ ಮತ್ತು ಗೇರ್ ಪೆಟ್ಟಿಗೆಯ ನಡುವೆ ಕ್ಲಚ್ಚಿನ ಬದಲು ಎಣ್ಣೆ ಇರುತ್ತದೆ. ಒಂದು ಫ್ಯಾನ್ ಬೀಸಿದ ಗಾಳಿಗೆ ಎದುರಿನ ಫ್ಯಾನ್ ತಿರುಗುವಂತೆ, ಎಣ್ಣೆಯ ಪ್ರವಾಹ ಶಕ್ತಿಯನ್ನು ದಾಟಿಸುತ್ತದೆ. ಹೊರಡುವ ಗಳಿಗೆಯಲ್ಲಿ ಟಾರ್ಕನ್ನು ಸುಮಾರು ಎರಡು ಪಟ್ಟು ಹೆಚ್ಚಿಸುವ ಗುಣವೂ ಇದಕ್ಕಿದೆ. ಎಂಜಿನ್ ಬಂದ್ ಆಗುವ ಭಯವಿಲ್ಲ; ಚಾಲಕನ ಗಮನವೆಲ್ಲ ದಾರಿಯ ಮೇಲಿರುತ್ತದೆ. 2020ರ ಥಾರ್‌ನ ಆರು ಗೇರಿನ ಆಟೊಮ್ಯಾಟಿಕ್, ಜಿಮ್ನಿಯ ನಾಲ್ಕು ಗೇರಿನ ಆಟೊಮ್ಯಾಟಿಕ್ ಎರಡೂ ಈ ಬಗೆಯವು. ಇಳಿಜಾರಿನಲ್ಲಿ ಮಾತ್ರ ಅದರ ಎಂಜಿನ್ ಹಿಡಿತ ಸ್ವಲ್ಪ ಸಡಿಲ. ಕೆಳಗಿನ ಗೇರನ್ನು ಕೈಯಾರೆ ಹಾಕಿಕೊಳ್ಳಲೇಬೇಕು.

ಆಟೊಮ್ಯಾಟಿಕ್ ಎಂಬ ಹೆಸರಿನಲ್ಲಿ ಇನ್ನೂ ಕೆಲವು ಬಗೆಗಳಿವೆ. ಸಾಮಾನ್ಯ ಕ್ಲಚ್ಚನ್ನೇ ಯಂತ್ರ ಒತ್ತುವ ಎಎಂಟಿ, ಎರಡು ಕ್ಲಚ್ಚುಗಳ ಡಿಸಿಟಿ ಪೇಟೆಗೆ ಅನುಕೂಲ. ಏರಿನಲ್ಲಿ ಇಂಚು ಇಂಚಾಗಿ ಸಾಗುವಾಗ ಕ್ಲಚ್ ಬಿಸಿಯಾಗುವ ಸಮಸ್ಯೆ ಇವುಗಳಿಗೆ ತಪ್ಪಿದ್ದಲ್ಲ. ಶೋರೂಮಿನಲ್ಲಿ ‘ಆಟೊಮ್ಯಾಟಿಕ್ ಇದೆ’ ಎಂದರೆ ‘ಯಾವ ಬಗೆಯದು?’ ಎಂದು ಮರುಪ್ರಶ್ನೆ ಹಾಕುವುದು ಜಾಣತನ.

ನಿಲ್ಲಿಸುವವರು ಯಾರು?

ಮೂರನೆಯದಾದ ಘರ್ಷಣೆಯ ಪಾಠವೇ ಎಲ್ಲಕ್ಕಿಂತ ಮುಖ್ಯ. ಫೋರ್ ವೀಲ್ ಡ್ರೈವ್ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕ್ ಎಲ್ಲ ಕಾರುಗಳಿಗೂ ನಾಲ್ಕು ಚಕ್ರಕ್ಕೂ ಇದ್ದೇ ಇದೆ. ಒದ್ದೆ ರಸ್ತೆಯಲ್ಲಿ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ, ತಿರುವಿನಲ್ಲಿ ಹಿಡಿತ ಉಳಿಯುತ್ತದೆಯೇ ಎಂಬುದನ್ನು ನಿರ್ಧರಿಸುವುದು ಟೈರು ಮತ್ತು ನೆಲದ ನಡುವಿನ ಘರ್ಷಣೆ. ಮಾತ್ರವಲ್ಲ, ಎರಡು ಚಕ್ರದ ಕಾರು ಹೊರಡುವಾಗಲೇ ಜಾರಿ ಚಾಲಕನನ್ನು ಎಚ್ಚರಿಸುತ್ತದೆ. ನಾಲ್ಕು ಚಕ್ರದ್ದು ಸಲೀಸಾಗಿ ವೇಗ ಪಡೆದು, ರಸ್ತೆ ಜಾರುತ್ತದೆಂಬುದನ್ನು ಬ್ರೇಕ್ ಒತ್ತುವವರೆಗೂ ಮುಚ್ಚಿಡುತ್ತದೆ. ಜೊತೆಗೆ ಎತ್ತರದ ಗಾಡಿಯ ಗುರುತ್ವ ಕೇಂದ್ರವೂ ಎತ್ತರ. ವೇಗದ ತಿರುವಿನಲ್ಲಿ ಮಗುಚುವ ಅಪಾಯ ಹೆಚ್ಚು.

ಏರು ಹತ್ತಲಾಗದೆ ಗಾಡಿ ನಿಂತರೆ ಅಡ್ಡ ತಿರುಗಿಸುವುದು ಮಗುಚಲು ನೇರ ದಾರಿ. ರಿವರ್ಸ್ ಗೇರಿನಲ್ಲಿ, ಬಂದ ಜಾಡಿನಲ್ಲೇ, ನೇರವಾಗಿ ಹಿಂದಕ್ಕೆ ಇಳಿಸಬೇಕು. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು ಎಂದೂ ಸಲ್ಲದು. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಚಾಲಕರ ಮಾತಿನ ಹಿಂದೆ, ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆಂಬ ಅನುಭವವಿದೆ. ಹದಿನೆಂಟು ತುಂಬದವರ ಕೈಗೆ ಕೀಲಿ ಕೊಡುವ ಪೋಷಕರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ ಗೊತ್ತುಪಡಿಸಿದೆ ಎಂಬುದೂ ನೆನಪಿರಲಿ.

ಆಯ್ಕೆ ಹೇಗೆ?

ಆಯ್ಕೆ ಮಾಡುವ ಮುನ್ನ ಮನೆಯವರೆಲ್ಲ ಕೂತು, ಕಳೆದ ಒಂದು ವರ್ಷದಲ್ಲಿ ಓಡಾಡಿದ ದಾರಿಗಳನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು. ಶಾಲೆ, ಕಚೇರಿ, ವರ್ಷಕ್ಕೆರಡು ಸಲ ಧರ್ಮಸ್ಥಳ, ಊರಿನ ಹಬ್ಬ ಇಷ್ಟೇ ಆದರೆ ದಾರಿಯೆಲ್ಲ ಡಾಂಬರು. ಎರಡು ಚಕ್ರದ ಗಾಡಿ ಧಾರಾಳ ಸಾಕು. ಉಳಿದ ಹಣ ಒಳ್ಳೆಯ ಟೈರಿಗೆ, ಏರ್‌ಬ್ಯಾಗ್‌ಗೆ, ಚಕ್ರ ಜಾರದಂತೆ ತಡೆಯುವ ಇಎಸ್‌ಪಿಗೆ ಹೋಗಲಿ. ಮನೆಯ ಮುಂದಿನ ಕೊನೆಯ ಮೈಲಿ ಮಣ್ಣಿನದಾಗಿದ್ದು ಏರು ಅಷ್ಟಿಲ್ಲದಿದ್ದರೆ ಆಲ್ ವೀಲ್ ಡ್ರೈವ್ ಸಾಕಾದೀತು. ತೋಟದ ಕಡಿದಾದ ದಾರಿ, ಹಳ್ಳ ದಾಟುವ ಜಾಗ, ಮಳೆಗಾಲದ ನಾಲ್ಕು ತಿಂಗಳ ಕೆಸರು ನಿತ್ಯದ ಪಾಡಾದರೆ ಲೋ ರೇಂಜ್ ಇರುವ ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್‌ಗೆ ಬದಲಿಯಿಲ್ಲ. ಆ ಮನೆಯಲ್ಲಿ ಹೊಸದಾಗಿ ಕಲಿಯುವವರಿದ್ದರೆ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್. ದೊಡ್ಡ ವರ್ಕ್‌ಶಾಪು ದೂರವಿದ್ದು ಗಾಡಿ ಓಡಿಸುವವರು ಪಳಗಿದವರಾದರೆ ಮ್ಯಾನ್ಯುಯಲ್.

ಕೊಂಡ ಮೇಲೆ ತಿಂಗಳಿಗೊಮ್ಮೆಯಾದರೂ ಮಣ್ಣಿನ ದಾರಿಯಲ್ಲಿ ಫೋರ್ ವೀಲ್ ಹಾಕಿ ಸ್ವಲ್ಪ ದೂರ ಓಡಿಸಬೇಕು. ವರ್ಷಗಟ್ಟಲೆ ಮುಟ್ಟದ ಲಿವರ್ ಬೇಕಾದ ದಿನ ಕದಲದೆ ಹೋಗಬಹುದು. ಟ್ರಾನ್ಸ್‌ಫರ್ ಕೇಸ್ ಮತ್ತು ಎರಡೂ ಡಿಫರೆನ್ಷಿಯಲ್‌ಗಳ ಎಣ್ಣೆ ಬದಲಿಸುವ ದಿನಾಂಕವನ್ನು ಎಂಜಿನ್ ಎಣ್ಣೆಯ ಪಕ್ಕದಲ್ಲೇ ಬರೆದಿಡಬೇಕು. ಆ ಲೆಕ್ಕ ಇಡುವ ಕೆಲಸವನ್ನು, ಗಾಡಿ ಬೇಕೆಂದು ಮೊದಲು ಬೆರಳು ತೋರಿಸಿದ ಮಗನಿಗೋ ಮಗಳಿಗೋ ಒಪ್ಪಿಸಬಹುದು.