ಬುದ್ಧಿಹಲ್ಲಿನ ನೋವು: ವೈದ್ಯರ ಕುರ್ಚಿ ಸಿಗುವವರೆಗೆ ಏನು ಮಾಡಬೇಕು, ಏನು ಮಾಡಬಾರದು

ಮಂಗಳೂರು: ಹಲ್ಲಿನ ವೈದ್ಯರಿಗೆ ಬರವಿಲ್ಲದ ಊರು ಮಂಗಳೂರು. ದೇರಳಕಟ್ಟೆಯಲ್ಲಿ 1985ರಲ್ಲಿ ಸ್ಥಾಪನೆಯಾದ ಎ.ಬಿ. ಶೆಟ್ಟಿ ಸ್ಮಾರಕ ದಂತ ವಿಜ್ಞಾನ ಸಂಸ್ಥೆ, 1987ರಲ್ಲಿ ಆರಂಭವಾದ ಲೈಟ್‌ಹೌಸ್ ಹಿಲ್ ರಸ್ತೆಯ ಮಣಿಪಾಲ ದಂತ ವಿಜ್ಞಾನ ಕಾಲೇಜು, 1992ರಲ್ಲಿ ಆರಂಭವಾದ ಯೇನೆಪೋಯ ದಂತ ಕಾಲೇಜು, ಕುಂಟಿಕಾನದ ಎ.ಜೆ. ದಂತ ವಿಜ್ಞಾನ ಸಂಸ್ಥೆ, ಮುಕ್ಕದ ಶ್ರೀನಿವಾಸ ದಂತ ವಿಜ್ಞಾನ ಸಂಸ್ಥೆ ಹೀಗೆ ಪಟ್ಟಿ ಬೆಳೆಯುತ್ತದೆ. ಬಡಾವಣೆಗೊಂದರಂತೆ ಇರುವ ಖಾಸಗಿ ಚಿಕಿತ್ಸಾಲಯಗಳು ಬೇರೆ. ಸುಳ್ಯ, ಬೆಳ್ತಂಗಡಿ, ಕಾಸರಗೋಡಿನಿಂದಲೂ ಜನರು ಹಲ್ಲು ತೋರಿಸಲು ಇಲ್ಲಿಗೆ ಬಸ್ಸು ಹತ್ತುತ್ತಾರೆ.

ಆದರೆ ತುಳುನಾಡಿನ ಜನ 'ಕೂಲಿ ಬೇನೆ' ಎನ್ನುವ ಹಲ್ಲುನೋವು ಹೊರರೋಗಿ ವಿಭಾಗದ ವೇಳಾಪಟ್ಟಿಯನ್ನು ನೋಡಿಕೊಂಡು ಬರುವುದಿಲ್ಲ. ಅದು ಶನಿವಾರ ರಾತ್ರಿ ಬರಬಹುದು, ಹಬ್ಬದ ರಜೆಯ ನಡುವೆ ಬರಬಹುದು. ನೋವು ಆರಂಭವಾದ ಗಳಿಗೆಗೂ ಹಲ್ಲು ಕೀಳುವ ಗಳಿಗೆಗೂ ನಡುವೆ ಕೆಲವು ಗಂಟೆಗಳಿಂದ ಹಿಡಿದು ಒಂದೆರಡು ವಾರಗಳವರೆಗೆ ಅಂತರವಿರುವುದುಂಟು. ಈ ಅವಧಿಯಲ್ಲಿ ರೋಗಿ ಸ್ವತಃ ಮಾಡಿಕೊಳ್ಳುವ ಉಪಚಾರ ಕೆಲವೊಮ್ಮೆ ನೋವಿಗಿಂತ ಹೆಚ್ಚಿನ ಹಾನಿ ಮಾಡುತ್ತದೆ. ಕಾಯಬಹುದಾದ ನೋವು ಯಾವುದು, ಕಾಯಲೇಬಾರದ ನೋವು ಯಾವುದು ಎಂಬ ವಿವೇಚನೆ ಇಲ್ಲಿ ಬಹಳ ಮುಖ್ಯ.

ನೋವು ಬರುವುದು ಎಲ್ಲಿಂದ?

ಬಾಯಿಯ ನಾಲ್ಕು ಮೂಲೆಗಳಲ್ಲಿ ಎಲ್ಲಕ್ಕಿಂತ ಹಿಂದೆ, ಸಾಮಾನ್ಯವಾಗಿ 17ರಿಂದ 25 ವರ್ಷ ವಯಸ್ಸಿನ ನಡುವೆ ಮೂಡುವ ಮೂರನೆಯ ದವಡೆಹಲ್ಲುಗಳೇ ಬುದ್ಧಿಹಲ್ಲುಗಳು. ಬುದ್ಧಿ ಬಲಿಯುವ ವಯಸ್ಸಿನಲ್ಲಿ ಬರುತ್ತವೆ ಎಂಬ ಕಾರಣಕ್ಕೆ ಈ ಹೆಸರು. ಕೆಲವರಿಗೆ ಇವುಗಳಲ್ಲಿ ಒಂದೆರಡು ಹುಟ್ಟುವುದೇ ಇಲ್ಲ. ಹುಟ್ಟಿದವರಲ್ಲೂ ದವಡೆಯಲ್ಲಿ ಜಾಗ ಸಾಲದೆ ಹಲ್ಲು ಓರೆಯಾಗಿ, ಕೆಲವೊಮ್ಮೆ ಪೂರ್ತಿ ಅಡ್ಡಡ್ಡಲಾಗಿ ಮೂಳೆಯೊಳಗೆ ಸಿಕ್ಕಿಕೊಳ್ಳುವುದು ಸಾಮಾನ್ಯ.

ಪೂರ್ತಿ ಹೊರಬಾರದ ಕೆಳದವಡೆಯ ಬುದ್ಧಿಹಲ್ಲಿನ ಮೇಲೆ ವಸಡಿನ ಒಂದು ಪದರ ಮುಚ್ಚಳದಂತೆ ಉಳಿದಿರುತ್ತದೆ. ಅದರಡಿಯಲ್ಲಿ ಅನ್ನದಗುಳು, ಮೀನಿನ ಚೂರು ಸಿಕ್ಕಿಕೊಂಡು ಕೊಳೆಯುತ್ತದೆ. ಬ್ಯಾಕ್ಟೀರಿಯಾಗಳು ಬೆಳೆದು ವಸಡು ಊದಿಕೊಳ್ಳುತ್ತದೆ. ವೈದ್ಯರು ಇದನ್ನು ಪೆರಿಕೊರೊನೈಟಿಸ್ ಎನ್ನುತ್ತಾರೆ. ಊದಿದ ವಸಡನ್ನು ಮೇಲಿನ ಹಲ್ಲು ಪ್ರತಿ ಸಲ ಕಚ್ಚಿದಾಗಲೂ ನೋವು ಹೆಚ್ಚುತ್ತದೆ. ಬಾಯಿಯಲ್ಲಿ ಕೆಟ್ಟ ರುಚಿ, ದುರ್ವಾಸನೆ, ನುಂಗುವಾಗ ಗಂಟಲಿನ ಒಂದು ಬದಿಯಲ್ಲಿ ನೋವು, ಕಿವಿಯವರೆಗೂ ಹಬ್ಬುವ ಸೆಳೆತ ಇದರ ಲಕ್ಷಣಗಳು. ಕಿವಿನೋವೆಂದು ಭಾವಿಸಿ ಕಿವಿಗೆ ಔಷಧ ಬಿಟ್ಟುಕೊಳ್ಳುವವರೂ ಇದ್ದಾರೆ.

ಎರಡನೆಯದು ಹುಳುಕಿನ ನೋವು. ಬುದ್ಧಿಹಲ್ಲಿನಲ್ಲಿ ಅಥವಾ ಅದು ಒತ್ತಿಕೊಂಡಿರುವ ಪಕ್ಕದ ಹಲ್ಲಿನಲ್ಲಿ ಹುಳುಕು ಆಳಕ್ಕಿಳಿದು ನರವನ್ನು ಮುಟ್ಟಿದಾಗ ಮಿಡಿಯುವಂಥ ನೋವು ಕಾಣಿಸಿಕೊಳ್ಳುತ್ತದೆ. ಬಿಸಿ ಅಥವಾ ತಣ್ಣನೆಯ ಪದಾರ್ಥ ತಗುಲಿದ ಬಳಿಕ ಬಹಳ ಹೊತ್ತು ನೋವು ಉಳಿದರೆ ಇದರ ಸಂಶಯ ಬಲವಾಗುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ರಾತ್ರಿ ನೋವು ಇಮ್ಮಡಿಸಿದಂತೆ ಭಾಸವಾಗುತ್ತದೆ.

ಕಾಯಿಸುವುದು ಏಕೆ?

'ಇಷ್ಟು ನೋಯುತ್ತಿದ್ದರೂ ವೈದ್ಯರು ಇಂದೇ ಕೀಳಲಿಲ್ಲ' ಎಂಬುದು ರೋಗಿಗಳ ಸಾಮಾನ್ಯ ದೂರು. ಇದಕ್ಕೆ ಕಾರಣಗಳಿವೆ. ಸೋಂಕು ತೀವ್ರವಾಗಿರುವಾಗ ಆ ಭಾಗದ ಅಂಗಾಂಶ ಆಮ್ಲೀಯವಾಗಿ, ಮರಗಟ್ಟಿಸುವ ಚುಚ್ಚುಮದ್ದು ಸರಿಯಾಗಿ ಹಿಡಿಯದೆ ಹೋಗಬಹುದು. ಬಾಯಿಯೇ ತೆರೆಯದಿದ್ದರೆ ಉಪಕರಣ ಒಳಗೆ ಹೋಗುವುದಿಲ್ಲ. ಕೆಳದವಡೆಯ ಬುದ್ಧಿಹಲ್ಲಿನ ಬೇರಿನ ಸಮೀಪದಲ್ಲೇ ತುಟಿಗೆ ಸ್ಪರ್ಶಜ್ಞಾನ ನೀಡುವ ನರ ಹಾದುಹೋಗುವುದರಿಂದ ಇಡೀ ದವಡೆಯ ಎಕ್ಸ್‌ರೇ ತೆಗೆದು ನೋಡಬೇಕಾಗುತ್ತದೆ. ಮಧುಮೇಹ, ರಕ್ತದೊತ್ತಡ ಹತೋಟಿಯಲ್ಲಿಲ್ಲದವರಿಗೆ ಮೊದಲು ಅದನ್ನು ಸರಿಪಡಿಸಬೇಕು. ಹೃದ್ರೋಗಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರ ವಿಷಯದಲ್ಲಿ ಹೃದ್ರೋಗ ತಜ್ಞರ ಸಲಹೆ ಬೇಕು. ಹಲ್ಲು ಕೀಳಿಸಬೇಕೆಂದು ಅಂಥ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಜೀವಕ್ಕೆ ಅಪಾಯಕಾರಿ.

ಕಾಯುವಿಕೆ ಎಷ್ಟು ದೀರ್ಘವಾಗಬಹುದು ಎಂಬುದನ್ನು ಕರಾವಳಿ 2020ರಲ್ಲಿ ಕಂಡಿತು. ಆ ವರ್ಷ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದಾಗ, ಹಲ್ಲು ಕೊರೆಯುವ ಯಂತ್ರದಿಂದ ಸಿಡಿಯುವ ತುಂತುರು ಸೋಂಕು ಹರಡಬಹುದೆಂಬ ಕಾರಣಕ್ಕೆ ದಂತ ಚಿಕಿತ್ಸೆ ತುರ್ತು ಪ್ರಕರಣಗಳಿಗಷ್ಟೇ ಸೀಮಿತವಾಯಿತು. ತಲಪಾಡಿ ಗಡಿ ಮುಚ್ಚಿದ್ದರಿಂದ ಚಿಕಿತ್ಸೆಗೆ ಮಂಗಳೂರನ್ನೇ ನೆಚ್ಚಿದ್ದ ಕಾಸರಗೋಡಿನ ಜನರು ಆಚೆಯೇ ಉಳಿದರು. ವಿವಾದ ಕೇರಳ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಹಲ್ಲುನೋವಿನವರು ಆ ವಾರಗಳನ್ನು ಉಪ್ಪುನೀರು ಮತ್ತು ನೋವಿನ ಮಾತ್ರೆಯ ಬಲದಲ್ಲೇ ದೂಡಬೇಕಾಯಿತು.

ಮೊದಲ ಮದ್ದು ಶುಚಿತ್ವ

ನೋವಿರುವ ಕಡೆ ಹಲ್ಲುಜ್ಜದೆ ಬಿಡುವುದು ಬಹುತೇಕರು ಮಾಡುವ ತಪ್ಪು. ಕೊಳೆ ಉಳಿದಷ್ಟೂ ಊತ ಹೆಚ್ಚುತ್ತದೆ. ಮೃದು ಎಳೆಗಳ, ಚಿಕ್ಕ ತಲೆಯ ಬ್ರಷ್‌ನಿಂದ ಆ ಹಲ್ಲನ್ನೂ ನಿಧಾನವಾಗಿ ಉಜ್ಜಬೇಕು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ, ತಲೆಯನ್ನು ನೋವಿರುವ ಬದಿಗೆ ವಾಲಿಸಿ, ಪ್ರತಿ ಊಟದ ನಂತರವೂ ಮಲಗುವ ಮುನ್ನವೂ ಮುಕ್ಕಳಿಸಬೇಕು. ಇದರಿಂದ ಸೋಂಕು ಮಾಯವಾಗದು. ಆದರೆ ವಸಡಿನ ಮುಚ್ಚಳದಡಿಯ ಕಸ ಹೊರಬಂದು ಊತ ಇಳಿಯಲು ನೆರವಾಗುತ್ತದೆ.

ಕ್ಲೋರ್‌ಹೆಕ್ಸಿಡಿನ್ ದ್ರಾವಣ ಔಷಧದಂಗಡಿಯಲ್ಲಿ ದೊರೆಯುತ್ತದೆ. ದಿನಕ್ಕೆರಡು ಬಾರಿ, ಹಲ್ಲುಜ್ಜಿ ಅರ್ಧ ಗಂಟೆ ಕಳೆದ ಮೇಲೆ ಬಳಸಬಹುದು. ವಾರಗಟ್ಟಲೆ ಮುಂದುವರಿಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ಸೂಜಿ, ಪಿನ್ನು, ಕಡ್ಡಿಯಿಂದ ವಸಡನ್ನು ಕೆದಕುವುದು ಬೇಡವೇ ಬೇಡ.

ಮಾತ್ರೆಯ ಲೆಕ್ಕ

ವಯಸ್ಕರ ಹಲ್ಲುನೋವಿಗೆ ಇಬುಪ್ರೊಫೆನ್ ಮತ್ತು ಪ್ಯಾರಸಿಟಮಾಲ್ ಜೋಡಿ ಪರಿಣಾಮಕಾರಿ ಎಂಬುದನ್ನು ಅಧ್ಯಯನಗಳು ತೋರಿಸಿವೆ. ಮೊದಲನೆಯದು ಊತವನ್ನು ತಗ್ಗಿಸುತ್ತದೆ, ಎರಡನೆಯದು ನೋವಿನ ಅರಿವನ್ನು ಕುಗ್ಗಿಸುತ್ತದೆ. ಬೇರೆ ಕಾಯಿಲೆಯಿಲ್ಲದ ವಯಸ್ಕರಿಗೆ ಇಬುಪ್ರೊಫೆನ್ 400 ಮಿಲಿಗ್ರಾಂ ಮತ್ತು ಪ್ಯಾರಸಿಟಮಾಲ್ 500 ಮಿಲಿಗ್ರಾಂ, ಆಹಾರದ ನಂತರ, ಆರರಿಂದ ಎಂಟು ಗಂಟೆಗಳ ಅಂತರದಲ್ಲಿ ಕೊಡುವುದು ರೂಢಿ. ನೋವು ನೆತ್ತಿಗೇರಿದ ಮೇಲೆ ನುಂಗುವುದಕ್ಕಿಂತ ಹೊತ್ತಿಗೆ ಸರಿಯಾಗಿ ಸೇವಿಸುವುದು ಹೆಚ್ಚು ಫಲಕಾರಿ.

ಇಲ್ಲೊಂದು ಬಲೆಯಿದೆ. ಅಂಗಡಿಯಲ್ಲಿ ದೊರೆಯುವ ಕಾಂಬಿಫ್ಲಾಮ್‌ನಂಥ ಮಾತ್ರೆಯಲ್ಲಿ ಎರಡೂ ಔಷಧಗಳು ಮೊದಲೇ ಬೆರೆತಿರುತ್ತವೆ. ಅದರ ಜೊತೆಗೆ ಡೋಲೊ 650 ನುಂಗಿ, ಸಾಲದೆಂದು ನೆಗಡಿಯ ಮಾತ್ರೆಯನ್ನೂ ಸೇರಿಸಿದರೆ ಪ್ಯಾರಸಿಟಮಾಲ್ ಮೂರು ಕಡೆಯಿಂದ ದೇಹ ಸೇರುತ್ತದೆ. ದಿನವೊಂದಕ್ಕೆ ಅದರ ಒಟ್ಟು ಪ್ರಮಾಣ 4 ಗ್ರಾಂ ಮೀರಿದರೆ ಯಕೃತ್ತಿಗೆ ಹಾನಿ. ಮದ್ಯಪಾನದ ಅಭ್ಯಾಸ ಅಥವಾ ಯಕೃತ್ತಿನ ತೊಂದರೆ ಇರುವವರಿಗೆ ಮಿತಿ ಇನ್ನೂ ಕಡಿಮೆ. ಯಾವ ಮಾತ್ರೆ, ಎಷ್ಟು ಹೊತ್ತಿಗೆ ಎಂದು ಕಾಗದದ ಮೇಲೆ ಬರೆದಿಡುವುದು ಲೇಸು.

ಜಠರದ ಹುಣ್ಣು, ಮೂತ್ರಪಿಂಡದ ಕಾಯಿಲೆ, ಹೃದಯ ವೈಫಲ್ಯ ಇರುವವರು, ನೋವಿನ ಮಾತ್ರೆಯಿಂದ ಉಬ್ಬಸ ಕೆರಳುವವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇಬುಪ್ರೊಫೆನ್ ಮುಟ್ಟಬಾರದು. ಕರಾವಳಿಯವರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. 2019ರ ಮಳೆಗಾಲದಲ್ಲಿ ಮಂಗಳೂರನ್ನು ಡೆಂಗೆ ಕಾಡಿದ್ದು ಇನ್ನೂ ನೆನಪಿನಲ್ಲಿದೆ. ಡೆಂಗೆ ಇರುವಾಗ ಇಬುಪ್ರೊಫೆನ್, ಆಸ್ಪಿರಿನ್, ಡೈಕ್ಲೊಫೆನಾಕ್ ಸೇವಿಸಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮಳೆಗಾಲದಲ್ಲಿ ಹಲ್ಲುನೋವಿನ ಜೊತೆಗೆ ಜ್ವರವೂ, ಮೈಕೈ ನೋವೂ ಇದ್ದರೆ ಪ್ಯಾರಸಿಟಮಾಲ್ ಮಾತ್ರ ತೆಗೆದುಕೊಂಡು ರಕ್ತ ಪರೀಕ್ಷೆ ಮಾಡಿಸುವುದು ಕ್ಷೇಮ.

ಲವಂಗ, ಹೊಗೆಸೊಪ್ಪು ಮತ್ತು ಬಿಸಿಶಾಖ

ಲವಂಗದ ಎಣ್ಣೆಯಲ್ಲಿರುವ ಯೂಜೆನಾಲ್ ನರವನ್ನು ಸ್ವಲ್ಪ ಹೊತ್ತು ಮಂಕಾಗಿಸುವುದು ನಿಜ. ಹತ್ತಿಯ ತುದಿಗೆ ಒಂದು ಹನಿ ಹಾಕಿ ಹುಳುಕಿನ ಕುಳಿಗೆ ತಾಗಿಸಿದರೆ ಆರಾಮ ಸಿಗಬಹುದು. ಅದನ್ನೇ ಊದಿದ ವಸಡಿಗೆ ಸುರಿದುಕೊಂಡರೆ ಚರ್ಮ ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕದಲ್ಲಿ ಇಟ್ಟುಕೊಳ್ಳುವುದರಿಂದಲೂ ವಸಡು ಬೆಂದು ಬಿಳಿಚಿಕೊಳ್ಳುತ್ತದೆ. ಹೊಗೆಸೊಪ್ಪಿನ ಚೂರು ಅದುಮಿಕೊಳ್ಳುವುದು, ಬ್ರಾಂಡಿ ಬಾಯಿಯಲ್ಲಿಟ್ಟುಕೊಳ್ಳುವುದು ಗಾಯಕ್ಕೆ ಗಾಯ ಸೇರಿಸುವ ಉಪಾಯಗಳು.

ಕೆನ್ನೆ ಊದಿದಾಗ ಬಿಸಿಶಾಖ ಕೊಡುವ ಅಭ್ಯಾಸವೂ ಸರಿಯಲ್ಲ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆನ್ನೆಯ ಹೊರಗೆ ಹತ್ತು ಹದಿನೈದು ನಿಮಿಷ ಇಟ್ಟು ತೆಗೆಯುವುದು ಉತ್ತಮ. ಮಲಗುವಾಗ ತಲೆಗೆ ಎರಡು ದಿಂಬುಗಳಿರಲಿ. ಊಟಕ್ಕೆ ಕುಚ್ಚಲಕ್ಕಿ ಗಂಜಿ, ನೀರುದೋಸೆ, ಮೊಸರನ್ನ, ಎಳನೀರು ಸಾಕು. ಗರಿಗರಿಯಾದ ಕೋರಿರೊಟ್ಟಿ, ಚಕ್ಕುಲಿ, ಮುಳ್ಳುಮೀನಿಗೆ ಕೆಲದಿನ ವಿರಾಮ ನೀಡಬೇಕು.

ಆಂಟಿಬಯೋಟಿಕ್ ನೋವಿನ ಮಾತ್ರೆಯಲ್ಲ

'ಹಲ್ಲುನೋವಿಗೆ ಐದು ದಿನದ ಕೋರ್ಸ್ ಕೊಡಿ' ಎಂದು ಔಷಧದಂಗಡಿಯಲ್ಲಿ ಕೇಳುವವರಿದ್ದಾರೆ. ಅಮಾಕ್ಸಿಸಿಲಿನ್, ಮೆಟ್ರೊನಿಡಜೋಲ್‌ನಂಥ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಹುಳುಕಿನಿಂದ ನರ ಕೆರಳಿದ ನೋವಿಗೆ ಆಂಟಿಬಯೋಟಿಕ್ ಉಪಯೋಗವಿಲ್ಲ. ಪೆರಿಕೊರೊನೈಟಿಸ್‌ನಲ್ಲೂ ಜ್ವರ, ಹಬ್ಬುತ್ತಿರುವ ಊತ, ಬಾಯಿ ತೆರೆಯಲಾಗದ ಸ್ಥಿತಿ ಇದ್ದಾಗ ಮಾತ್ರ ವೈದ್ಯರು ಅದನ್ನು ಬರೆಯುತ್ತಾರೆ. ಅನಗತ್ಯವಾಗಿ ಅಥವಾ ಅರ್ಧಂಬರ್ಧ ಸೇವಿಸಿದರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಮೆಟ್ರೊನಿಡಜೋಲ್ ಸೇವಿಸುತ್ತಿರುವಾಗ ಮದ್ಯ ವರ್ಜ್ಯ.

ಬೆಳಗಾಗುವುದನ್ನು ಕಾಯಬಾರದ ಲಕ್ಷಣಗಳು

ಬುದ್ಧಿಹಲ್ಲಿನ ಸೋಂಕು ದವಡೆಯ ಕೆಳಗಿನ ಪದರಗಳಿಗೆ ಇಳಿದರೆ ನಾಲಿಗೆಯ ಅಡಿಭಾಗ ಮತ್ತು ಕುತ್ತಿಗೆ ಊದಿ ಶ್ವಾಸಮಾರ್ಗವೇ ಮುಚ್ಚಬಹುದು. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವಿವರಿಸಿದ ಈ ಸ್ಥಿತಿಗೆ ಇಂದಿಗೂ ಅವರದೇ ಹೆಸರಿದೆ. ಆಂಟಿಬಯೋಟಿಕ್‌ಗಳ ಕಾಲದಲ್ಲೂ ಇದು ಪ್ರಾಣಾಂತಿಕವಾಗಬಲ್ಲದು. ಕೆಳಗಿನವುಗಳಲ್ಲಿ ಯಾವುದೊಂದು ಕಂಡರೂ ಅದೇ ರಾತ್ರಿ ಹೊರಡಬೇಕು:

* ಊತ ದವಡೆಯ ಕೆಳಗೆ, ಕುತ್ತಿಗೆಗೆ ಅಥವಾ ಕಣ್ಣಿನತ್ತ ಹಬ್ಬುತ್ತಿರುವುದು
* ಎಂಜಲು ನುಂಗಲಾಗದೆ ಜೊಲ್ಲು ಸುರಿಯುವುದು, ನಾಲಿಗೆ ಮೇಲೆದ್ದಂತಾಗುವುದು, ಧ್ವನಿ ಬದಲಾಗುವುದು
* ಉಸಿರಾಟಕ್ಕೆ ಕಷ್ಟವಾಗುವುದು
* ಚಳಿಯೊಂದಿಗೆ ಜ್ವರ, ಮಂಪರು
* ಬಾಯಿ ಎರಡು ಬೆರಳು ಹಿಡಿಸುವಷ್ಟೂ ತೆರೆಯದಿರುವುದು

ಮಧುಮೇಹಿಗಳು ಇವುಗಳ ಆರಂಭದ ಸೂಚನೆ ಕಂಡೊಡನೆ ಹೊರಡಬೇಕು. ಹಲ್ಲಿನ ಚಿಕಿತ್ಸಾಲಯದ ಬಾಗಿಲು ತೆರೆಯುವುದನ್ನು ಕಾಯುತ್ತ ಕುಳಿತುಕೊಳ್ಳುವ ಪ್ರಸಂಗ ಇದಲ್ಲ. ತುರ್ತು ನಿಗಾ ವಿಭಾಗವುಳ್ಳ ಆಸ್ಪತ್ರೆಗೆ, 1848ರಷ್ಟು ಹಿಂದೆಯೇ ಆರಂಭವಾದ ಸರ್ಕಾರಿ ವೆನ್ಲಾಕ್ ಆಸ್ಪತ್ರೆಗಾಗಲಿ ಸಮೀಪದ ವೈದ್ಯಕೀಯ ಕಾಲೇಜು ಆಸ್ಪತ್ರೆಗಾಗಲಿ, ತೆರಳಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ರೋಗಿಯನ್ನು ಅಂಗಾತ ಮಲಗಿಸದೆ ಕೂರಿಸಿಯೇ ಕರೆದೊಯ್ಯಬೇಕು. ಎಡದವಡೆಯ ನೋವಿನೊಂದಿಗೆ ಎದೆ ಬಿಗಿತ, ಬೆವರು, ಏದುಸಿರು ಇದ್ದರೆ ಅದು ಹಲ್ಲಿನದಾಗಿರದೆ ಹೃದಯದ್ದಾಗಿರಬಹುದು ಎಂಬುದನ್ನೂ ಮರೆಯಬಾರದು.

ವೀಳ್ಯದೆಲೆ ಅಡಿಕೆ ಅಥವಾ ಗುಟ್ಕಾ ಅಭ್ಯಾಸವಿರುವವರಲ್ಲಿ ಹೆಚ್ಚು ನೋವಿಲ್ಲದೆಯೇ ತಿಂಗಳುಗಟ್ಟಲೆ ಬಾಯಿ ಕಿರಿದಾಗುತ್ತ ಬಂದರೆ, ಖಾರ ತಗುಲಿದೊಡನೆ ಉರಿದರೆ, ಅದು ಬುದ್ಧಿಹಲ್ಲಿನ ದೋಷವಲ್ಲ. ಕ್ಯಾನ್ಸರಿಗೆ ತಿರುಗಬಲ್ಲ ಬೇರೊಂದು ಕಾಯಿಲೆಯ ಸೂಚನೆಯದು. ಅದನ್ನು ಪ್ರತ್ಯೇಕವಾಗಿ ತಪಾಸಣೆ ಮಾಡಿಸಬೇಕು.

ನೋವು ನಿಂತಿತೆಂದು ಬಿಡಬಹುದೇ?

ಅನೇಕರು ಎಡವುವುದು ಇಲ್ಲಿಯೇ. ಮೂರ್ನಾಲ್ಕು ದಿನದ ಉಪಚಾರದಿಂದ ಊತ ಇಳಿಯುತ್ತದೆ, ನೋವು ಮರೆಯುತ್ತದೆ, ವೈದ್ಯರ ಬಳಿ ನಿಗದಿಯಾಗಿದ್ದ ದಿನವೂ ಮರೆತುಹೋಗುತ್ತದೆ. ವಸಡಿನ ಮುಚ್ಚಳ ಮಾತ್ರ ಅಲ್ಲೇ ಇರುತ್ತದೆ. ಎಲ್ಲ ಬುದ್ಧಿಹಲ್ಲುಗಳನ್ನೂ ಕೀಳಬೇಕೆಂದೇನಿಲ್ಲ. ತೊಂದರೆ ಕೊಡದ ಹಲ್ಲನ್ನು ಮುಂಜಾಗ್ರತೆಯ ಹೆಸರಿನಲ್ಲಿ ಕೀಳುವ ಪದ್ಧತಿ ನಿಲ್ಲಬೇಕೆಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2000ದಲ್ಲೇ ಹೇಳಿತು. ಆದರೆ ಮೊದಲ ಸಲವೇ ತೀವ್ರವಾಗಿ ಕಾಡಿದ ಅಥವಾ ಮತ್ತೆ ಮತ್ತೆ ಊದುವ ಹಲ್ಲಿಗೆ ಈ ವಿನಾಯಿತಿ ಇಲ್ಲ. ಕೆಲವೊಮ್ಮೆ ವಸಡನ್ನು ಕಚ್ಚುವ ಮೇಲಿನ ಹಲ್ಲನ್ನಷ್ಟೇ ತೆಗೆದರೂ ಸಾಕಾಗುತ್ತದೆ. ಅದನ್ನು ನಿರ್ಧರಿಸಬೇಕಾದವರು ಎಕ್ಸ್‌ರೇ ನೋಡಿದ ವೈದ್ಯರು.

ಹೋಗುವಾಗ ಈವರೆಗೆ ಸೇವಿಸಿದ ಮಾತ್ರೆಗಳ ಪಟ್ಟಿ, ಒಗ್ಗದ ಔಷಧಗಳ ಹೆಸರು, ಮಧುಮೇಹ ಹಾಗೂ ರಕ್ತದೊತ್ತಡದ ಇತ್ತೀಚಿನ ವರದಿ ಜೊತೆಗಿರಲಿ. ವೆಚ್ಚದ ಚಿಂತೆಯಿಂದ ಮುಂದೂಡುವವರು ದಂತ ಕಾಲೇಜುಗಳ ಹೊರರೋಗಿ ವಿಭಾಗದಲ್ಲಿ ವಿಚಾರಿಸಬಹುದು. ಅಲ್ಲಿ ಅಧ್ಯಾಪಕರ ಉಸ್ತುವಾರಿಯಲ್ಲಿ ಚಿಕಿತ್ಸೆ ನಡೆಯುತ್ತದೆ. ಹಲ್ಲು ಕೀಳಿಸಿದ ಬಳಿಕ ಕೆಲವು ದಿನ ಧೂಮಪಾನ ಮಾಡಬಾರದು. ಎರಡು ಮೂರು ದಿನಗಳ ನಂತರ ನೋವು ಇಳಿಯುವ ಬದಲು ಏರತೊಡಗಿದರೆ ಮತ್ತೆ ವೈದ್ಯರಿಗೆ ತೋರಿಸಬೇಕು.

ಉಪ್ಪುನೀರು, ಮಾತ್ರೆ, ಮಂಜುಗಡ್ಡೆ ಇವೆಲ್ಲವೂ ವೈದ್ಯರನ್ನು ಕಾಣುವವರೆಗಿನ ಆಸರೆ ಮಾತ್ರ. ನೋವು ಶಮನವಾದ ಆ ವಾರದಲ್ಲೇ, ಬಾಯಿ ಸರಿಯಾಗಿ ತೆರೆಯುವಾಗಲೇ, ಹಲ್ಲು ತೋರಿಸಿ ಬರುವುದು ಸೂಕ್ತ.