ಚುಕ್ಕಿಗೊಂದು ವಿಳಾಸ

ಅಲ್ಝೈಮರ್ ಕಾಯಿಲೆಯ ಅಧ್ಯಯನಕ್ಕೆಂದೇ ವಂಶವಾಹಿ ಬದಲಿಸಿ ಬೆಳೆಸಿದ ಇಲಿಗಳಿವೆ. ವಯಸ್ಸಾದಂತೆ ಅವುಗಳ ಮಿದುಳಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ಪ್ಲಾಕ್‌ಗಳಾಗಿ ಹೆಪ್ಪುಗಟ್ಟುತ್ತದೆ. ಮಿದುಳನ್ನು ಸುಮಾರು 0.04 ಮಿಲಿಮೀಟರ್ ದಪ್ಪದ ಸೀಳುಗಳಾಗಿ ಕೊಯ್ದು, ಆ ಪ್ರೋಟೀನಿಗೆ ಅಂಟುವ ಪ್ರತಿಕಾಯದ ನೆರವಿನಿಂದ ಬಣ್ಣ ಹಾಕಿದರೆ, ಸೂಕ್ಷ್ಮದರ್ಶಕದಡಿ ಕಂದು ಚುಕ್ಕಿಗಳು ಏಳುತ್ತವೆ. ಔಷಧ ಕೊಟ್ಟ ಇಲಿಯಲ್ಲಿ ಚುಕ್ಕಿ ಕಡಿಮೆಯಾಯಿತೇ? ತಿಳಿಯಬೇಕಾದರೆ ಎಣಿಸಬೇಕು. ಕಣ್ಣು ನೆಟ್ಟು ಎಣಿಸುವ ಕಾಲದಲ್ಲಿ ಒಬ್ಬರ ಲೆಕ್ಕ ಇನ್ನೊಬ್ಬರದಕ್ಕೆ ತಾಳೆಯಾಗುವುದೇ ಕಷ್ಟವಿತ್ತು. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಿಂದ ಬಂದ ಇಮೇಜ್‌ಜೆ ಎಂಬ ಉಚಿತ ತಂತ್ರಾಂಶ ಆ ದುಡಿಮೆಯನ್ನು ಹಗುರ ಮಾಡಿತು.

ಒಟ್ಟು ಸಂಖ್ಯೆಯೊಂದೇ ಸಾಲದು, ಮಿದುಳಿನ ಯಾವ ಪ್ರದೇಶದಲ್ಲಿ ಎಷ್ಟು ಎಂಬುದೂ ಬೇಕು. ಹಿಪೊಕ್ಯಾಂಪಸ್‌ನಲ್ಲಿ ಎಷ್ಟು, ಕಾರ್ಟೆಕ್ಸ್‌ನಲ್ಲಿ ಎಷ್ಟು? ನಾರ್ವೆಯ ಓಸ್ಲೊ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಪ್ರಕಟಿಸಿದ ಕ್ವಿಂಟ್ ವಿಧಾನ ಈ ತಾಪತ್ರಯಕ್ಕೆ ಕೈಹಾಕಿತು. ಚುಕ್ಕಿ ಯಾವ ಪ್ರದೇಶದ್ದೆಂದು ತಿಳಿಯಲು ಸೀಳನ್ನು ಮಿದುಳಿನ ಅಟ್ಲಾಸಿಗೆ, ಅಂದರೆ ನಕ್ಷೆಗೆ, ಹೊಂದಿಸಬೇಕು. ಆದರೆ ಅಲಗು ಎಷ್ಟೇ ನೇರವಿದ್ದರೂ ಸೀಳು ಒಂದಿಷ್ಟು ಓರೆಯಾಗಿ ಬರುತ್ತದೆ. ಎಡಬದಿ ತುಸು ಮುಂದೆ, ಬಲಬದಿ ತುಸು ಹಿಂದೆ. ಮುದ್ರಿತ ಅಟ್ಲಾಸಿನ ಯಾವ ಪುಟಕ್ಕೂ ಅದು ಸರಿಯಾಗಿ ಕೂರುವುದಿಲ್ಲ. ಕ್ವಿಂಟ್‌ನ ಭಾಗವಾದ ಕ್ವಿಕ್‌ನಿ ಎಂಬ ತಂತ್ರಾಂಶ, ಗಣಕದಲ್ಲಿರುವ ಅಟ್ಲಾಸನ್ನೇ ಅದೇ ಓರೆಯಲ್ಲಿ ಕೊಯ್ದು ತೋರಿಸುತ್ತದೆ. ಸಿಯಾಟಲ್‌ನ ಅಲೆನ್ ಸಂಸ್ಥೆ 1,675 ಇಲಿಗಳ ಮಿದುಳಿನ ಸರಾಸರಿ ತೆಗೆದು ಕಟ್ಟಿದ ಮೂರು ಆಯಾಮದ ನಕ್ಷೆಯೇ ಆ ಅಟ್ಲಾಸು. ಕೊಯ್ದ ಮಿದುಳನ್ನು ಮತ್ತೆ ಕೂಡಿಸಲಾಗದು. ನಕ್ಷೆಯನ್ನು ಎಷ್ಟು ಸಲ ಬೇಕಾದರೂ ಕೊಯ್ಯಬಹುದು. ನನಗೆ ಇಡೀ ವಿಧಾನದಲ್ಲಿ ತುಂಬ ಹಿಡಿಸಿದ್ದು ಈ ಉಪಾಯವೇ.

ಚುಕ್ಕಿ ಗುರುತಿಸುವುದು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಹುಟ್ಟಿದ ಇಲಾಸ್ಟಿಕ್ ತಂತ್ರಾಂಶದ ಕೆಲಸ. ಸಂಶೋಧಕರು ಚಿತ್ರದ ಮೇಲೆ ಅಲ್ಲಲ್ಲಿ ಗೀಚುತ್ತಾರೆ: ಇದು ಪ್ಲಾಕ್, ಇದು ಹಿನ್ನೆಲೆ. ಉಳಿದದ್ದನ್ನು ತಂತ್ರಾಂಶ ಕಲಿತುಕೊಳ್ಳುತ್ತದೆ. ಮಡಿಕೆ ಬಿದ್ದ ಅಂಗಾಂಶ, ಧೂಳಿನ ಕಣ, ರಕ್ತನಾಳದ ಅಂಚು ಕೂಡ ಗಾಢವಾಗಿ ಕಂಡು ಯಾಮಾರಿಸುತ್ತವೆ, ಅವನ್ನೂ ತೋರಿಸಿಕೊಡಬೇಕು. ಗೀಚುವಾಗ ಎಡವಿದರೆ ಆ ತಪ್ಪು ಎಲ್ಲ ಚಿತ್ರಗಳಿಗೂ ಒಂದೇ ಸಮ ಹರಡುತ್ತದೆ. ಯಂತ್ರ ಎಣಿಸಿದ್ದೆಲ್ಲ ನಿಷ್ಪಕ್ಷಪಾತ ಎನ್ನುವವರು ಇದನ್ನು ಮರೆತಿರುತ್ತಾರೆ.

ಕೊನೆಗೆ ಪ್ರದೇಶವಾರು ಲೆಕ್ಕ ಕೂಡಿಸುವುದು ಕ್ವಿಂಟ್‌ನ ಇನ್ನೊಂದು ತಂತ್ರಾಂಶವಾದ ನ್ಯೂಟಿಲ್. ಎರಡು ಪ್ರದೇಶಗಳ ಗಡಿಯ ಮೇಲೆ ಕೂತ ಪ್ಲಾಕನ್ನು ಏನು ಮಾಡುವುದು? ಎಷ್ಟು ಜಾಗ ಆವರಿಸಿದೆ ಎಂಬುದೇ ಪ್ರಶ್ನೆಯಾದರೆ ಅದನ್ನು ಸೀಳಿ ಎರಡೂ ಕಡೆ ಹಂಚಬಹುದು. ನರಕೋಶ ಎಣಿಸುವಾಗ ಹಾಗಾಗದು, ಅರ್ಧ ನರಕೋಶ ಎಂಬುದಿಲ್ಲವಲ್ಲ. ನ್ಯೂಟಿಲ್‌ನಲ್ಲಿ ಎರಡಕ್ಕೂ ದಾರಿಯಿದೆ. ಯಾವುದೆಂದು ಬಳಸುವವರು ಆರಿಸಬೇಕು, ಆರಿಸಿದ್ದನ್ನು ಪ್ರಬಂಧದಲ್ಲಿ ಬರೆಯಲೂಬೇಕು. ಆ ಒಂದು ಸಾಲು ಬಿಟ್ಟುಹೋದರೆ, ಅಲ್ಲಿನ ಅಂಕಿಗಳನ್ನು ಬೇರೆ ಪ್ರಯೋಗಾಲಯದ ಅಂಕಿಗಳ ಪಕ್ಕ ಇಟ್ಟು ನೋಡಲು ಬರುವುದಿಲ್ಲ.