ನಾಲ್ಕು ಚೌಕಗಳಲ್ಲಿ ಒಂದು ಮನೆ



ನಿಮ್ಮ ಟೀ ಶರ್ಟಿನ ಮೇಲೆ, ಮೊಬೈಲಿನ ಕವರಿನ ಮೇಲೆ, ಓದುವ ಮೇಜಿನ ಎದುರಿನ ಗೋಡೆಯ ಮೇಲೆ ಇರುವ ಆ ಜಪಾನೀ ವೀರರನ್ನು ನಾನೂ ಬಲ್ಲೆ. ತಟ್ಟೆಯಷ್ಟಗಲ ಕಣ್ಣು, ಮುಳ್ಳುಹಂದಿಯಂಥ ಕೂದಲು, ಬೆನ್ನಿಗೊಂದು ಕತ್ತಿ. 'ಆಂಟಿ, ಇದಕ್ಕೆ ಮಂಗಾ ಅನ್ನುತ್ತಾರೆ' ಎಂದು ನೀವು ಹೇಳಿಕೊಟ್ಟಾಗ, ಮಂಗನಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಿ ನಿಮ್ಮಿಂದ ನಗಿಸಿಕೊಂಡವಳೂ ನಾನೇ. ಇವತ್ತು ನಿಮಗೆ ಗೊತ್ತಿಲ್ಲದ ಒಂದು ಮಂಗಾದ ಬಗ್ಗೆ ನಾನು ಹೇಳುತ್ತೇನೆ, ಕೇಳಿ.

ಅದರ ಹೆಸರು 'ಸಜಾಯೆ-ಸಾನ್'. ಜಪಾನಿನ ಅಜ್ಜಿಯಿಂದ ಹಿಡಿದು ಮೊಮ್ಮಗುವಿನವರೆಗೆ ಇದನ್ನು ಅರಿಯದವರು ಸಿಗುವುದು ಕಷ್ಟ. ಟಿ.ವಿ.ಯಲ್ಲಿ ಇದು ಶುರುವಾದದ್ದು 1969ರ ಅಕ್ಟೋಬರ್ 5ರಂದು. ಅಂದಿನಿಂದ ಭಾನುವಾರದ ಸಂಜೆ ಆರೂವರೆ ಎಂದರೆ ಸಜಾಯೆಯ ಹೊತ್ತು. ಅತಿ ದೀರ್ಘಕಾಲ ನಡೆದ ಅನಿಮೆ ಧಾರಾವಾಹಿ ಎಂದು 2013ರಲ್ಲಿ ಗಿನ್ನೆಸ್ ದಾಖಲೆಗೂ ಸೇರಿತು. ಅದು ಮುಗಿಯಿತೆಂದರೆ ರಜೆ ಮುಗಿಯಿತು, ನಾಳೆ ಮತ್ತೆ ಆಫೀಸು, ಶಾಲೆ. ಆ ಹೊತ್ತಿಗೆ ಮನಸ್ಸಿಗೆ ಕವಿಯುವ ಬೇಸರಕ್ಕೆ ಅಲ್ಲಿ 'ಸಜಾಯೆ-ಸಾನ್ ಕಾಯಿಲೆ' ಎಂದೇ ಹೆಸರು. ಭಾನುವಾರ ಸಂಜೆ ನಿಮ್ಮ ಮುಖ ನೋಡಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ.

ಇದರಲ್ಲಿ ಹಾರುವವರಿಲ್ಲ, ಹೊಡೆದಾಡುವವರಿಲ್ಲ. ಇಪ್ಪತ್ತನಾಲ್ಕರ ಗೃಹಿಣಿ ಸಜಾಯೆ. ಮಾತು ಜಾಸ್ತಿ, ಮರೆವು ಇನ್ನೂ ಜಾಸ್ತಿ. ತಂದೆ ನಮಿಹೇಯ್, ಬೋಳು ತಲೆಯ ನೆತ್ತಿಯ ಮೇಲೆ ಒಂದೇ ಒಂದು ಕೂದಲು. ತಾಯಿ ಫುನೆ. ತುಂಟ ತಮ್ಮ ಕತ್ಸುವೊ, ಪುಟ್ಟ ತಂಗಿ ವಕಾಮೆ. ಗಂಡ ಮಸುವೊ, ಮಗ ತಾರಾ, ಜೊತೆಗೊಂದು ಬೆಕ್ಕು. ತಮ್ಮ ಕಡಿಮೆ ಅಂಕ ಬಂದ ಉತ್ತರಪತ್ರಿಕೆ ಬಚ್ಚಿಡುತ್ತಾನೆ, ಅಕ್ಕ ಅಂಗಡಿಗೆಂದು ಹೋಗಿ ಹಣದ ಚೀಲ ಮರೆಯುತ್ತಾಳೆ. ಇಷ್ಟೇ. ಅಂದ ಹಾಗೆ ಟಿ.ವಿ.ಯ ನಮಿಹೇಯ್‌ಗೆ ಐವತ್ತನಾಲ್ಕು ವರ್ಷವಂತೆ. ನನ್ನ ವಾರಿಗೆಯವನನ್ನು ಹೀಗೆ ತಾತನನ್ನಾಗಿ ಮಾಡಿದ್ದು ನನಗೇನೂ ಹಿಡಿಸಲಿಲ್ಲ.

ಇದನ್ನು ಸೃಷ್ಟಿಸಿದವರು ಮಾಚಿಕೊ ಹಾಸೆಗಾವಾ ಎಂಬ ಹೆಂಗಸು. 1920ರಲ್ಲಿ ಹುಟ್ಟಿದವರು. ಬೆಳೆದದ್ದು ದಕ್ಷಿಣದ ಕ್ಯೂಷೂ ದ್ವೀಪದಲ್ಲಿ, ಫುಕುವೋಕಾ ಎಂಬ ಕಡಲೂರಿನಲ್ಲಿ. ಹದಿಮೂರರ ವಯಸ್ಸಿಗೆ ತಂದೆ ತೀರಿಕೊಂಡರು. ವಿಧವೆ ತಾಯಿ, ಅಕ್ಕ ಮರಿಕೊ, ಮಾಚಿಕೊ, ತಂಗಿ ಯೋಕೊ, ಹೀಗೆ ಮನೆಯಲ್ಲಿ ಉಳಿದದ್ದು ನಾಲ್ವರು ಹೆಣ್ಣುಮಕ್ಕಳು. ನಮ್ಮ ಕಡೆಯಾಗಿದ್ದರೆ ಬಂಧುಗಳು ಕೂತು 'ದೊಡ್ಡವಳಿಗೆ ಮೊದಲು ಒಂದು ಗಂಡು ನೋಡಿ' ಎನ್ನುತ್ತಿದ್ದರು. ಅಲ್ಲಿಯೂ ಹೇಳಿದವರಿದ್ದರೋ ಏನೋ. ಆ ತಾಯಿ ಮಾತ್ರ ಮಕ್ಕಳನ್ನು ಕಟ್ಟಿಕೊಂಡು 1934ರಲ್ಲಿ ಟೋಕಿಯೋಗೆ ಹೊರಟೇ ಬಿಟ್ಟರು.

ಆಗ ಜಪಾನಿನ ಮಕ್ಕಳ ಬಾಯಲ್ಲೆಲ್ಲ 'ನೊರಕುರೊ'. ಸೈನ್ಯ ಸೇರಿದ ಒಂದು ಕರೀ ಬೀದಿನಾಯಿಯ ಕಥೆ ಅದು. ಬರೆಯುತ್ತಿದ್ದವರು ಸುಇಹೊ ತಗಾವಾ. ತಾನು ಅವರ ಶಿಷ್ಯೆಯಾಗಬೇಕು ಎಂದು ಮಾಚಿಕೊಗೆ ಆಸೆ. ಮನೆಯವರು ಅದನ್ನು ಹುಡುಗಾಟವೆಂದು ತಳ್ಳಿಹಾಕಲಿಲ್ಲ. ತಗಾವಾ ಹುಡುಗಿಯನ್ನು ಶಿಷ್ಯೆಯಾಗಿ ಒಪ್ಪಿಕೊಂಡರು. 1935ರಲ್ಲಿ, ಹದಿನೈದರ ವಯಸ್ಸಿಗೆ, ಹುಡುಗಿಯರ ಮಾಸಿಕವೊಂದರಲ್ಲಿ ಮಾಚಿಕೊ ಹೆಸರು ಅಚ್ಚಾಯಿತು. ನಂತರ ಗುರುಗಳ ಮನೆಯಲ್ಲೇ ಉಳಿದು ಕಲಿಯಲು ಹೋದರು. ನಮ್ಮ ಸಂಗೀತದವರ ಗುರುಕುಲವಾಸದ ಹಾಗೆ. ಆದರೆ ಮನೆಯ ನೆನಪು ತಡೆಯಲಾಗದೆ ವರ್ಷ ತುಂಬುವುದರೊಳಗೆ ವಾಪಸು ಬಂದರು. ಮುಂದೆ ಒಂದು ದೇಶಕ್ಕೇ ಮನೆಯ ಕಥೆ ಹೇಳಿದವರು ಮನೆ ಬಿಟ್ಟಿರಲಾರದವರಾಗಿದ್ದರು ಎಂಬುದನ್ನು ಹಾಸ್ಟೆಲಿನಿಂದ ರಾತ್ರಿ ಅಮ್ಮನಿಗೆ ಫೋನ್ ಮಾಡುವ ಮಕ್ಕಳು ತಿಳಿದಿರಲಿ, ನಾಚಿಕೆಪಡಬೇಕಾಗಿಲ್ಲ.

ಆಮೇಲೆ ಯುದ್ಧ. ಅಕ್ಕ ಮರಿಕೊ ಕೈಹಿಡಿದ ಪತ್ರಕರ್ತ ಮದುವೆಯಾದ ಸ್ವಲ್ಪದರಲ್ಲೇ ಸೈನ್ಯಕ್ಕೆ ಹೋದವರು ಇಂಫಾಲ್ ಕದನದಲ್ಲಿ ಮಡಿದರು. ಹೌದು, ನಮ್ಮ ಮಣಿಪುರದ ಇಂಫಾಲೇ. ನಾವು ಶಾಲೆಯಲ್ಲಿ 1944ರ ಆ ಯುದ್ಧವನ್ನು ಇಸವಿಯಾಗಿ ಬಾಯಿಪಾಠ ಮಾಡಿದೆವು. ಅದರ ಇನ್ನೊಂದು ತುದಿಯಲ್ಲಿ ಹೀಗೊಂದು ಮನೆಯಿತ್ತು. ಅದೇ ವರ್ಷ ಟೋಕಿಯೋ ಬಿಟ್ಟು ಎಲ್ಲರೂ ಫುಕುವೋಕಾಕ್ಕೆ ಮರಳಿದರು. ಮಾಚಿಕೊ ಸ್ಥಳೀಯ ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಮನೆಯ ಅಂಗಳದಲ್ಲಿ ತರಕಾರಿ ಬೆಳೆಯುತ್ತ ಹೊಟ್ಟೆ ಹೊರೆಯುವ ಕಾಲ.

1946ರ ವಸಂತ. ಸೋತ ದೇಶ, ಅರ್ಧ ಹೊಟ್ಟೆ, ಊರೆಲ್ಲ ಬೂದಿ. 'ಫುಕುನಿಚಿ' ಎಂಬ ಪತ್ರಿಕೆಯವರು ದಿನಕ್ಕೊಂದು ನಾಲ್ಕು ಚೌಕದ ಸ್ಟ್ರಿಪ್ ಬೇಕೆಂದು ಕೇಳಿಕೊಂಡು ಬಂದರು. ಮನೆಯ ಹತ್ತಿರವೇ ಮೊಮೊಚಿ ಕಡಲ ತೀರ. ಅಲ್ಲಿ ಅಡ್ಡಾಡುತ್ತ ಮಾಚಿಕೊ ಪಾತ್ರಗಳಿಗೆ ಹೆಸರು ಹುಡುಕಿದರು. ಎಲ್ಲವೂ ಸಮುದ್ರದಲ್ಲೇ ಸಿಕ್ಕವು. ಸಜಾಯೆ ಎಂದರೆ ಒಂದು ಬಗೆಯ ಶಂಖದ ಹುಳು. ಕತ್ಸುವೊ ಒಂದು ಮೀನು, ವಕಾಮೆ ಕಡಲ ಪಾಚಿ. ಫುನೆ ಎಂದರೆ ದೋಣಿ. ನಮಿಹೇಯ್ ಹೆಸರಿನಲ್ಲಿ ಅಲೆಯಿದೆ. ನಮ್ಮ ಕರಾವಳಿಯ ಲೆಕ್ಕದಲ್ಲಿ ಹೇಳುವುದಾದರೆ ಅಕ್ಕನ ಹೆಸರು ಮರುವಾಯಿ, ತಮ್ಮನ ಹೆಸರು ಬಂಗುಡೆ! ಶಾಸ್ತ್ರೋಕ್ತವಾದ ಹೆಸರೂ ಅಲ್ಲ, ಅರ್ಥಗರ್ಭಿತವೂ ಅಲ್ಲ. ಓದುಗರಿಗೆ ಪಾತ್ರೆಯಲ್ಲಿ ಬೇಕಾಗಿದ್ದ ಪದಾರ್ಥಗಳೇ ಪತ್ರಿಕೆಯಲ್ಲಿ ಹೆಸರಾಗಿ ಬಂದವು. ಏಪ್ರಿಲ್ 22ರಂದು ಮೊದಲ ಕಂತು ಪ್ರಕಟವಾಯಿತು.

ನಾಲ್ಕು ಚೌಕದ ಈ ಕಲೆ ನೋಡಲು ಸುಲಭ, ಮಾಡಲು ಬಲು ಕಷ್ಟ. ಮೊದಲ ಚೌಕದಲ್ಲಿ ವಿಷಯ ಏಳಬೇಕು, ಎರಡನೆಯದರಲ್ಲಿ ಬೆಳೆಯಬೇಕು, ಮೂರನೆಯದರಲ್ಲಿ ಎಲ್ಲೋ ಹೊರಳಬೇಕು, ನಾಲ್ಕನೆಯದರಲ್ಲಿ ಮುಗಿಯಬೇಕು. ಚೀನೀ ಕಾವ್ಯದಿಂದ ಬಂದ ಹಳೆಯ ಕ್ರಮವಿದು. ಗುಟ್ಟು ಇರುವುದೆಲ್ಲ ಆ ಮೂರನೆಯ ಚೌಕದಲ್ಲಿ. ಅಡುಗೆಮನೆಯ ಒಂದು ಸಣ್ಣ ಎಡವಟ್ಟನ್ನು ಸರಿಯಾದ ಜಾಗದಲ್ಲಿ ಹೊರಳಿಸಲು ಗೊತ್ತಿಲ್ಲದಿದ್ದರೆ ಅದು ಬರೀ ಚಾಡಿ ಮಾತಾಗುತ್ತದೆ. ಇಂಥದನ್ನು ದಿನಕ್ಕೊಂದರಂತೆ ಎಷ್ಟೋ ವರ್ಷ ಹೊಸೆಯುವುದೆಂದರೆ ಏನು ಎಂದು ದಿನವೂ 'ಇವತ್ತು ಏನು ಅಡುಗೆ?' ಎಂದು ಯೋಚಿಸುವವರಿಗೆ ಗೊತ್ತು.

ಕೆಲವೇ ತಿಂಗಳಲ್ಲಿ ಮನೆಯವರೆಲ್ಲ ಮತ್ತೆ ಟೋಕಿಯೋಗೆ ಹೋಗುವುದೆಂದು ನಿರ್ಧಾರವಾಯಿತು. ಮಾಚಿಕೊ ಅವಸರದಲ್ಲಿ ಸಜಾಯೆಗೆ ಮದುವೆ ಮಾಡಿಸಿ, ಹಿಂದಿ ಸಿನಿಮಾದ ಹಾಗೆ ಕಥೆಗೆ 'ಶುಭಂ' ಹಾಡಿದರು. ತಾಯಿ ಫುಕುವೋಕಾದ ಮನೆ ಮಾರಿ, ಆ ದುಡ್ಡಿನಲ್ಲಿ ಪುಸ್ತಕ ನಾವೇ ಅಚ್ಚು ಹಾಕೋಣ ಎಂದರು! ಅಕ್ಕತಂಗಿಯರು ತೆರೆದ ಪ್ರಕಾಶನದ ಹೆಸರು ಶಿಮಾಯ್‌ಷಾ, ಅಂದರೆ 'ಸೋದರಿಯರ ಕಂಪೆನಿ'. ಮೊದಲ ಪುಸ್ತಕದ ಇಪ್ಪತ್ತು ಸಾವಿರ ಪ್ರತಿ ಅಚ್ಚಾಯಿತು. ಆಕಾರ ಮಾತ್ರ ಅಡ್ಡಡ್ಡ ಉದ್ದ. ಅಂಗಡಿಯ ಕಪಾಟಿಗೆ ಸರಿಯಾಗಿ ಕೂರುವುದಿಲ್ಲವೆಂದು ವ್ಯಾಪಾರಿಗಳು ರಾಶಿರಾಶಿಯಾಗಿ ಹಿಂದಿರುಗಿಸಿದರು. ಬಾಡಿಗೆ ಮನೆಯಲ್ಲಿ ಮಾರಾಟವಾಗದ ಪುಸ್ತಕದ ಗುಡ್ಡೆ, ಕೈಯಲ್ಲಿ ಕಾಸಿಲ್ಲ. ಆಗಲೂ ಆ ತಾಯಿ ಎದೆಗುಂದದೆ 'ಎರಡನೆಯದನ್ನು ಚಿಕ್ಕ ಆಕಾರದಲ್ಲಿ ಹಾಕಿ' ಎಂದರು. ಅದು ಬಿಸಿ ಬೋಂಡಾದಂತೆ ಖರ್ಚಾಯಿತು. ಅದನ್ನು ಓದಿದವರು ಮೊದಲನೆಯದನ್ನೂ ಹುಡುಕಿಕೊಂಡು ಬಂದರು. ನನ್ನನ್ನು ಕೇಳಿದರೆ ಈ ಕಥೆಯ ನಾಯಕಿ ಆ ತಾಯಿಯೇ.

ಸ್ಟ್ರಿಪ್ ಮತ್ತೆ ಶುರುವಾದಾಗ ಒಂದು ಪೇಚು. ಮದುವೆಯಂತೂ ಆಗಿಹೋಗಿದೆ, ಗಂಡನನ್ನು ಎಲ್ಲಿಡುವುದು? ದಂಪತಿ ಮೊದಲು ಬೇರೆ ಬಾಡಿಗೆ ಮನೆಯಲ್ಲಿದ್ದರು. ಮಸುವೊ ಸೌದೆ ಸಾಲದೆಂದು ಮಾಲೀಕನ ಬೇಲಿಯನ್ನೇ ಕೊಯ್ದು, ಮನೆ ಬಿಡಬೇಕಾಗಿ ಬಂದು, ಮಾವನ ಮನೆ ಸೇರಿದ. ಅಂತೂ ಮನೆ ಅಳಿಯ! ಆದರೆ ಹೆಂಡತಿಯ ಮನೆತನದ ಹೆಸರು ಇಟ್ಟುಕೊಂಡವನಲ್ಲ. ಬಾಗಿಲಲ್ಲಿ ಮಾವನ ಹೆಸರು ಇಸೊನೊ, ಅಳಿಯನದು ಫುಗುತಾ. ದಕ್ಷಿಣ ಕನ್ನಡದ ಅಳಿಯಕಟ್ಟಿನ ಮನೆತನದವರಿಗೆ ಇದರಲ್ಲಿ ಅಂಥ ವಿಶೇಷ ಕಾಣಲಿಕ್ಕಿಲ್ಲ. ಆದರೆ ಸೊಸೆ ಅತ್ತೆಯ ಕೈಕೆಳಗೆ ಬಾಳಬೇಕಿದ್ದ ಆ ಕಾಲದ ಜಪಾನಿನಲ್ಲಿ, ಗಟ್ಟಿಯಾಗಿ ನಗುವ, ಗಂಡನೆದುರು ತವರಿನಲ್ಲೇ ಓಡಾಡುವ ಹೆಂಗಸು ಎಷ್ಟು ಮಂದಿ ಸೊಸೆಯರ ಬೆಳಗಿನ ಪತ್ರಿಕೆಯನ್ನು ಹಗುರ ಮಾಡಿರಬೇಕು ಎಂದು ಊಹಿಸಿ.

ಮಾಚಿಕೊ ಮದುವೆಯಾಗಲಿಲ್ಲ. ತಂದೆಯಿಲ್ಲದ, ಭಾವನನ್ನು ಯುದ್ಧಕ್ಕೆ ಕೊಟ್ಟ ಮನೆಯಲ್ಲಿ ಕೂತು ಅವರು ಬರೆದದ್ದು ಸಂಜೆ ಆರಕ್ಕೆ ಮನೆಗೆ ಬರುವ ಅಪ್ಪನನ್ನು, ಪಾತ್ರೆ ತೊಳೆದರೂ ಮುಖ ಸಿಂಡರಿಸದ ಗಂಡನನ್ನು, ಬೈಸಿಕೊಳ್ಳಲೊಬ್ಬ ತಮ್ಮನನ್ನು. ಇಲ್ಲದ್ದನ್ನು ಬರೆದರು ಎಂದು ಸುಲಭವಾಗಿ ಹೇಳಿಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ಸಜಾಯೆಯ ಗದ್ದಲ, ಜಗಳ, ನಗು ಎಲ್ಲ ಆ ನಾಲ್ಕು ಹೆಂಗಸರ ಮನೆಯದೇ. ಗಂಡಸರನ್ನು ಮಾತ್ರ ಹೊರಗಿನಿಂದ ತಂದು ಕೂರಿಸಿದರು, ಅಷ್ಟೆ.

1951ರಿಂದ 'ಅಸಾಹಿ' ಎಂಬ ದೊಡ್ಡ ಪತ್ರಿಕೆಯ ಬೆಳಗಿನ ಸಂಚಿಕೆಯಲ್ಲಿ ಸಜಾಯೆ ಬರತೊಡಗಿದಳು. ಒಟ್ಟು ಆರು ಸಾವಿರಕ್ಕೂ ಮಿಕ್ಕಿ ಸ್ಟ್ರಿಪ್‌ಗಳು. ರೇಷನ್ ಸಾಲು, ಕಾಳಸಂತೆ, ಹೆಂಗಸರಿಗೆ ಬಂದ ಮತದ ಹಕ್ಕು, ಮೊದಲ ಟಿ.ವಿ., ವಾಷಿಂಗ್ ಮೆಷಿನ್, ವಿಮಾನದ ಹೊಗೆಯಂತೆ ಏರುವ ಬೆಲೆ, ಎಲ್ಲವೂ ಅದರಲ್ಲಿವೆ. ಟಿ.ವಿ.ಯಲ್ಲಿ ಇದೆಲ್ಲ ಸಿಹಿ ಪಾಯಸವಾಗಿದೆ. ಪುಸ್ತಕದಲ್ಲಿ ಒಗ್ಗರಣೆಯ ಮೆಣಸು ಬಾಯಿಗೆ ಸಿಗುತ್ತದೆ. ಹನ್ನೆರಡು ಸಂಪುಟಗಳ ಇಂಗ್ಲಿಷ್ ಅನುವಾದವಿದೆ, ಸಿಕ್ಕರೆ ಓದಿ. 1966ರಿಂದ ಅವರು ಬರೆದ ಇನ್ನೊಂದು ಸ್ಟ್ರಿಪ್ಪಿನ ನಾಯಕಿ ಊರಿಗೆಲ್ಲ ಕಿರುಕುಳ ಕೊಡುವ ಮುದುಕಿ. ಸತ್ಯ ಹೇಳುತ್ತೇನೆ, ನನಗೆ ಈ ಅಜ್ಜಿಯೇ ಹೆಚ್ಚು ಇಷ್ಟ.

ಇಂಥದ್ದು ನಮ್ಮಲ್ಲಿ ಇರಲಿಲ್ಲವೆಂದಲ್ಲ. ಬೆಂಗಳೂರಿನ ಮಾಯಾ ಕಾಮತ್ 'ಡೆಕ್ಕನ್ ಹೆರಾಲ್ಡ್'ಗೆ 'ಗೀತಾ' ಎಂಬ ಸಂಸಾರದ ಸ್ಟ್ರಿಪ್ ಬರೆಯುತ್ತಲೇ ಈ ಕ್ಷೇತ್ರಕ್ಕೆ ಬಂದವರು. ಗಂಡಸರದೇ ರಾಜ್ಯವಾಗಿದ್ದ ರಾಜಕೀಯ ವ್ಯಂಗ್ಯಚಿತ್ರಕ್ಕೆ ಆಮೇಲೆ ಕೈಹಾಕಿ ಹೆಸರು ಮಾಡಿದರು. 2001ರಲ್ಲಿ, ಐವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಆದರೆ ಪರಊರಿನ ಕನ್ನಡದ ಮನೆಯೊಂದನ್ನು ನಾಲ್ಕು ಚೌಕದಲ್ಲಿ ನಾನಿನ್ನೂ ಕಂಡಿಲ್ಲ. ಅಪ್ಪ ಕನ್ನಡದಲ್ಲಿ ಬೈಯುತ್ತಾರೆ, ಮಗ ಹಿಂದಿಯಲ್ಲಿ ಉತ್ತರಿಸುತ್ತಾನೆ, ಮಗಳು ಇಂಗ್ಲಿಷಿನಲ್ಲಿ ತೀರ್ಪು ಕೊಡುತ್ತಾಳೆ, ಊರಿನಿಂದ ಬಂದ ಅಜ್ಜಿ ಬಾಗಿಲಿಗೆ ಬಂದ ತರಕಾರಿಯವನೊಡನೆ ಮರಾಠಿಯಂತಿರುವ ಕನ್ನಡದಲ್ಲಿ ಚೌಕಾಸಿ ಮಾಡಿ ಗೆದ್ದು ಬರುತ್ತಾರೆ. ಮೂರನೆಯ ಚೌಕ ಎಲ್ಲಿ ಬರುತ್ತದೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸಂಘದ ಚಿತ್ರಸ್ಪರ್ಧೆಗೆ ವರ್ಷವೂ ಯಕ್ಷಗಾನದ ಕಿರೀಟ, ಹಂಪೆಯ ಕಲ್ಲಿನ ರಥ ಬಿಡಿಸುತ್ತೀರಿ. ಚೆಂದವೇ. ಒಂದು ಸಲ ನಿಮ್ಮ ಅಜ್ಜಿಯನ್ನು ಬಿಡಿಸಿ ನೋಡಿ.

ಮಾಚಿಕೊ ತೆತ್ತ ಬೆಲೆ ಕಡಿಮೆಯದಲ್ಲ. ದಿನವೂ ಹೊಸ ನಗೆ ಹುಟ್ಟಿಸುವ ಒತ್ತಡದ ನಡುವೆ ಆಗಾಗ ಸ್ಟ್ರಿಪ್ ನಿಲ್ಲಿಸುತ್ತಿದ್ದರು. 1967ರಲ್ಲಿ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. 1974ರ ಫೆಬ್ರವರಿಯಲ್ಲಿ ಸಜಾಯೆಯನ್ನು ಪತ್ರಿಕೆಯಲ್ಲಿ ನಿಲ್ಲಿಸಿದವರು ಮತ್ತೆ ಮುಂದುವರಿಸಲಿಲ್ಲ. ಒಂದು ಬಸ್ ಕಂಪೆನಿ ಕೇಳದೆಯೇ ಸಜಾಯೆಯ ಮುಖವನ್ನು ಬಸ್ಸಿನ ಮೇಲೆ ಬಳಿದುಕೊಂಡಾಗ ಕೋರ್ಟಿಗೆ ಹೋಗಿ 1976ರಲ್ಲಿ ಗೆದ್ದರು. ಪಾತ್ರದ ಮುಖಕ್ಕೂ ಕರ್ತೃವಿನ ಹಕ್ಕಿದೆಯೆಂದು ಆ ತೀರ್ಪನ್ನು ಅಲ್ಲಿ ಇಂದಿಗೂ ಉದಾಹರಿಸುತ್ತಾರೆ. 1992ರ ಮೇ 27ರಂದು, ಎಪ್ಪತ್ತೆರಡರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಮನೆಯವರು ಸುದ್ದಿ ಹೊರಗೆ ಬಿಡಲಿಲ್ಲ. ಜಪಾನಿಗೆ ತಿಳಿದದ್ದು ಒಂದು ತಿಂಗಳ ಮೇಲೆ.

ಟೋಕಿಯೋದ ಸಕುರಾಶಿಮ್ಮಾಚಿ ಎಂಬ ಬಡಾವಣೆಯಲ್ಲಿ 1985ರಲ್ಲಿ ತೆರೆದ ಅವರ ಕಲಾಸಂಗ್ರಹಾಲಯವಿದೆ. ರೈಲು ನಿಲ್ದಾಣದಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಸಜಾಯೆಯ ಮನೆಯವರ ಕಂಚಿನ ಮೂರ್ತಿಗಳನ್ನು ನಿಲ್ಲಿಸಿದ್ದಾರೆ. 2012ರಲ್ಲಿ ಯಾರೋ ನಮಿಹೇಯ್‌ನ ಆ ಒಂದೇ ಕೂದಲನ್ನು ಕಿತ್ತುಕೊಂಡು ಹೋದರು. ಹೊಸದು ನೆಟ್ಟರೆ ಅದನ್ನೂ ಕಿತ್ತರು. ನಮ್ಮ ಹುಡುಗರು ಈಗ ಸಾಫ್ಟ್‌ವೇರ್ ಕೆಲಸಕ್ಕೆಂದು ಟೋಕಿಯೋಗೂ ಹೋಗುತ್ತಿದ್ದೀರಲ್ಲ, ಒಂದು ರವಿವಾರ ಅಲ್ಲಿ ಇಳಿದು ನೋಡಿಕೊಂಡು ಬನ್ನಿ. ಕೂದಲು ಇದೆಯೋ ಇಲ್ಲವೋ ನನಗೊಂದು ಕಾಗದ ಹಾಕಿ.